ಇನ್ನೊಂದನ್ನೂ ಕಸಿದುಕೊಂಡರೆ

ಮಗಳನ್ನು ಕರೆದೊಯ್ದ ದಿನ ಅವಳು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಮಗುವನ್ನು ನೋಡಿಕೊಳ್ಳುತ್ತೇನೆಂದಿದ್ದ ಕೆಳಮನೆಯಾಕೆ ಹೊರಗಿನಿಂದ ಚಿಲಕ ಹಾಕಿ ಎಲ್ಲಿಗೋ ಹೋಗಿದ್ದಳು. ನಾಲ್ಕು ವರ್ಷದ ಹುಡುಗಿ ಕುರ್ಚಿ ಎಳೆದುಕೊಂಡು ಬಾಲ್ಕನಿಯ ಕಟ್ಟೆ ಹತ್ತಿ ಕೂತಿದ್ದಳು. ರಸ್ತೆಯಲ್ಲಿದ್ದವರು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದು ಮಗುವನ್ನು ಮಕ್ಕಳ ನಿಲಯಕ್ಕೆ ಸೇರಿಸಿದರು.

ಕೌಟುಂಬಿಕ ನ್ಯಾಯಾಲಯದ ನೋಟಿಸು, ಆಧಾರ್ ಕಾರ್ಡಿನಲ್ಲಿದ್ದ ಹಳೇ ಬಾಡಿಗೆ ಮನೆಯ ವಿಳಾಸಕ್ಕೆ ಹೋಯಿತು. ಅವಳಿಗೆ ಗೊತ್ತಾಗುವಷ್ಟರಲ್ಲಿ ಆದೇಶ ಆಗಿಹೋಗಿತ್ತು: ತಾಯಿಯ ನಿರ್ಲಕ್ಷ್ಯ, ಮಗು ಮಕ್ಕಳ ನಿಲಯದಲ್ಲೇ ಇರಲಿ.

"ಅಪೀಲು ಹಾಕೋಣ," ಅಂದರು ಲಾಯರಮ್ಮ. "ನಿಮ್ಮ ಮಾತೇ ಕೇಳದೆ ತೀರ್ಪು ಕೊಟ್ಟಿದ್ದಾರೆ. ಅದೇ ನಮ್ಮ ಬಲ."

ಅವಳ ಭಯ ಬೇರೆಯೇ ಇತ್ತು. ಅವಳು ಮತ್ತೆ ಬಸುರಿ. ಸುದ್ದಿ ಕೇಳಿದವನೇ ಗಂಡ ಮನೆ ಬಿಟ್ಟಿದ್ದ. ಲಾಯರಮ್ಮನಿಗೂ ಅವಳು ಹೇಳಿರಲಿಲ್ಲ.

"ದೊಡ್ಡ ಶಾಲು ಹೊದ್ಕೋ," ಅಂದಳು ಬಸ್ ಕಂಡಕ್ಟರ್ ಆಗಿದ್ದ ಅಕ್ಕ. "ಒಂದನ್ನೇ ಸಾಕೋಕಾಗದೋಳು ಇನ್ನೊಂದು ಹೆರ್ತಾಳೆ ಅಂತಾರೆ. ಆಮೇಲೆ ಅದನ್ನೂ ಎತ್ಕೊಂಡು ಹೋಗ್ತಾರೆ. ಮತ್ತೆ, ತಲೆ ತಗ್ಗಿಸ್ಬೇಡ. ನನ್ನ ಬಸ್ಸಲ್ಲಿ ಟಿಕೆಟ್ ತಗೊಳ್ದೋರೇ ಕಿಟಕಿ ಕಡೆ ಮುಖ ಮಾಡೋದು."

ತಂಗಿಗೆ ನಗು ಬರಲಿಲ್ಲ. ಮಗುವನ್ನು ನಿನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ ಎಂದು ಅವಳು ಹಿಂದೊಮ್ಮೆ ಕೇಳಿದ್ದಳು. "ನಾವೇ ಒಬ್ಬರ ಮೇಲೊಬ್ಬರು ಮಲಗ್ತೀವಿ ಕಣೇ," ಎಂದು ಅಕ್ಕ ಮಾತು ಮುಗಿಸಿದ್ದಳು.

ವಿಚಾರಣೆಯ ದಿನ ಕೋರ್ಟ್ ಹಾಲಿನಲ್ಲಿ ಸೆಕೆ. ಶಾಲಿನೊಳಗೆ ಬೆವರು ಇಳಿಯುತ್ತಿತ್ತು. ಲಾಯರಮ್ಮ ವಾದಿಸುತ್ತಿದ್ದರೂ ಅವಳ ಕಿವಿಗೆ ಏನೂ ಬೀಳಲಿಲ್ಲ. ಹೊಟ್ಟೆಯೊಳಗೆ ಕೂಸು ಒದ್ದಾಗ ಕೈ ತಾನಾಗಿಯೇ ಅಲ್ಲಿಗೆ ಹೋಯಿತು.

ನ್ಯಾಯಾಧೀಶೆ ಕನ್ನಡಕ ತೆಗೆದರು. "ನೀವು ಗರ್ಭಿಣಿಯೇ?"

ಲಾಯರಮ್ಮ ಗಕ್ಕನೆ ತಿರುಗಿ ನೋಡಿದರು. ಇಲ್ಲ ಎಂದರೆ ಸುಳ್ಳುಗಾತಿ, ಹೌದು ಎಂದರೆ ಇದೂ ಹೋಯಿತು.

"ಹೌದು."

"ಹೆರಿಗೆ ಆಗಿ ಕೆಲಸಕ್ಕೆ ಹೋದ ಮೇಲೆ ಇಬ್ಬರನ್ನೂ ಯಾರು ನೋಡಿಕೊಳ್ತಾರೆ?"

ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಸರ್ಕಾರಿ ವಕೀಲರು ಏನೋ ಗೀಚಿಕೊಂಡರು.

"ನಾನು." ಹಿಂದಿನ ಬೆಂಚಿನಿಂದ ಅಕ್ಕ ಎದ್ದಿದ್ದಳು. "ನಾನಿವಳ ಅಕ್ಕ. ಮನೆ ಚಿಕ್ಕದು ಮೇಡಂ. ಆದ್ರೆ ನಮ್ಮತ್ತೆ ಇಡೀ ದಿನ ಮನೇಲೇ ಇರ್ತಾರೆ. ಮೂವರೂ ನಮ್ಮಲ್ಲೇ ಇರಲಿ."

ಮಧ್ಯಾಹ್ನ ಆದೇಶ ಬಂತು. ಹಳೆಯ ತೀರ್ಪು ರದ್ದು. ಕೆಳಗಿನ ಕೋರ್ಟು ತಾಯಿಯ ಮಾತು ಕೇಳಿ ಮತ್ತೆ ತೀರ್ಮಾನಿಸಬೇಕು. ಅಲ್ಲಿಯವರೆಗೆ ಮಗು ದೊಡ್ಡಮ್ಮನ ಮನೆಯಲ್ಲಿ ಇರಬಹುದು, ತಾಯಿಯೂ ಜೊತೆಗಿರಬಹುದು. ಅಧಿಕಾರಿಗಳು ಯಾವಾಗ ಬೇಕಾದರೂ ಬಂದು ನೋಡಬಹುದು.

"ಗೆದ್ವಾ?" ಅಕ್ಕ ಕೇಳಿದಳು.

"ಅರ್ಧ," ಅಂದರು ಲಾಯರಮ್ಮ. ಆಮೇಲೆ ಅವಳತ್ತ ತಿರುಗಿ, "ಇನ್ಮೇಲೆ ನನ್ನಿಂದ ಏನೂ ಮುಚ್ಚಿಡಬೇಡಿ," ಅಂದರು.

ಸಂಜೆ ನಿಲಯದ ಆಯಾ ಮಗಳನ್ನು ಅಕ್ಕನ ಮನೆಗೆ ಕರೆತಂದಳು. ಕೂದಲು ಗಿಡ್ಡ ಕತ್ತರಿಸಿದ್ದರು. ಮಗು ಅಮ್ಮನನ್ನು ನೋಡಿ ಆಯಾಳ ಹಿಂದೆ ಸರಿದು ನಿಂತಿತು. ಅವಳು ಕೈ ಚಾಚಲು ಹೆದರಿ ಅಲ್ಲೇ ನೆಲದ ಮೇಲೆ ಕುಳಿತಳು. ಬಹಳ ಹೊತ್ತು ಮಗು ನೋಡುತ್ತಲೇ ಇತ್ತು. ಆಮೇಲೆ ಮೆಲ್ಲಗೆ ಬಂದು, ತಾಕದಷ್ಟು ದೂರದಲ್ಲಿ ತಾನೂ ಕುಳಿತಿತು.