ಹಾಲುತೊಂಡೆ ಬಿದ್ದ ತಟ್ಟೆಗಳು

ನಾಲ್ಕನೇ ಜ್ವರದಲ್ಲಿ ಪೊರೆ ಕಳಚಿ ಎದ್ದ ರೇಷ್ಮೆಹುಳುಗಳು ಬಿಡದೆ ಸೊಪ್ಪು ಮೇಯಬೇಕಾದ ಹೊತ್ತು. ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಮಾತ್ರ ಕೆಲವು ಹುಳುಗಳು ತಟ್ಟೆಯ ಅಂಚು ಹಿಡಿದು ಸುಮ್ಮನೆ ಅಲೆಯುತ್ತಿದ್ದವು. ಪವಿತ್ರ ಒಂದನ್ನು ಕೈಗೆತ್ತಿಕೊಂಡಳು. ಗೆಣ್ಣುಗಳು ಉಬ್ಬಿದ್ದವು. ಕಾಲು ಚಿವುಟಿದರೆ ಹಾಲಿನಂಥ ನೀರು ಬಂತು.

"ಹಾಲುತೊಂಡೆ ರೋಗ ಅತ್ತೆ."

ಅತ್ತೆ ಗಂಗಾಂಬಿಕೆ ಇಣುಕಿದರು. "ಯಾರ ಕಣ್ಣು ಬಿತ್ತೋ! ಊದ್ಕೊಂಡವ ಆರ್ಸಿ ತಿಪ್ಪೆಗಾಕು. ಮಿಕ್ಕವಕ್ಕೆ ವಿಭೂತಿ ಉದುರುಸ್ತೀನಿ."

ಚಂದಕವಾಡಿಯ ಆ ಮನೆಯಲ್ಲಿ ಪ್ರತಿ ಬೆಳೆಗೂ ಹೀಗೇ. ಆರಿಸಿದ ಹುಳು ತಿಪ್ಪೆಗೆ, ತಿಪ್ಪೆಗೊಬ್ಬರ ಹಿಪ್ಪುನೇರಳೆ ತೋಟಕ್ಕೆ, ತೋಟದ ಸೊಪ್ಪು ಮತ್ತೆ ಹುಳುವಿಗೆ. ಹಗಲು ದುಡಿದು ಸಂಜೆ ಚಾಮರಾಜನಗರದ ಕಾಲೇಜಿನಲ್ಲಿ ಓದಿದ್ದ ಪವಿತ್ರಳಿಗೆ ಆ ಸುತ್ತು ಈಗ ಕಣ್ಣಿಗೆ ಕಟ್ಟಿತು. ಆದರೂ ಅಳುಕು. ಓದಿದ್ದು ಸರಿಯಾಗಿ ನೆನಪಿದೆಯೇ? ತಪ್ಪಾದರೆ ಮನೆಯವರ ದುಡಿಮೆಯೆಲ್ಲ ಮಣ್ಣುಪಾಲು.

"ತಿಪ್ಪೆಗೆ ಬ್ಯಾಡ ಅತ್ತೆ. ಈ ಸ್ಟ್ಯಾಂಡಿನ ಹುಳನೆಲ್ಲ ಸುಣ್ಣ ಆಕಿ ಊಳ್ಬುಡನ."

"ಮೇಯ್ತಾ ಇರೋವನ್ನೂವಾ? ತಲೆ ನೆಟ್ಗದಾ ನಿಂಗೆ?"

"ಅವೂ ಅದೇ ಸೊಪ್ಪು ತಿಂದವೆ. ಈ ವೈರಸ್ಸು ಹರಳಿನೊಳಗೆ ಕೂತಿರ್ತದೆ, ಮಣ್ಣಲ್ಲಿ ವರ್ಷಗಟ್ಲೆ ಬಿದ್ದಿದ್ರೂ ಸಾಯಕಿಲ್ಲ. ಹುಳ ನುಂಗುದ್ರೆ, ಹೊಟ್ಟೇಲಿ ಸುಣ್ಣದ ತಿಳಿಯಂಥ ರಸ ಇರ್ತದಲ್ಲ, ಅದ್ರಲ್ಲಿ ಹರಳು ಕರಗ್ತದೆ."

"ಕರಗುದ್ರೆ ಒಳ್ಳೇದೇ ಆಯ್ತು ಬುಡು."

"ಇಲ್ಲ, ಆಗಲೇ ಒಳಗಿದ್ದ ವೈರಸ್ಸುಗಳು ಆಚೆ ಬರೋದು. ಕರುಳಿನ ಜೀವಕೋಶಕ್ಕೆ ಅಂಟ್ಕೊಂಡು, ತಮ್ಮ ಪೊರೆನ ಅದ್ರ ಪೊರೆಗೆ ಬೆಸ್ಕೊಂಡು ಒಳಕ್ಕೆ ನುಗ್ತವೆ. ಕೋಶದೊಳಗಿರೋ ನೂಲಿನಂಥ ಎಳೆಗಳೇ ಅವನ್ನ ಕೋಶದ ನಡುವಿನ ಕೇಂದ್ರದ ತಾವ್ಕೆ ತಳ್ತವೆ. ಕೇಂದ್ರದ ಗೋಡೇಲಿ ಕಿಂಡಿಗಳವೆ. ತೂರ್ಕೊಂಡ್ರೆ ಮುಗೀತು, ಕೋಶ ತನ್ನ ಕೆಲ್ಸ ಬುಟ್ಟು ವೈರಸ್ಸನ್ನೇ ಮಾಡ್ತಾ ಕೂರ್ತದೆ."

"ಉಣ್ಣಕ್ಕೆ ಬಂದ ನಿಮ್ಮ ಚಿಕ್ಕಮಾವ ಅಡುಗೆಮನೆಗೇ ಯಜಮಾನ ಆದಂಗೆ ಅನ್ನು. ಒಳಕ್ಕೋದ್ಮೇಲೆ ಔಷ್ದಿ ಏನು?"

"ಇಲ್ಲ."

"ಇದ ಏಳಕ್ಕೆ ಕಾಲೇಜು ಬೇಕಿತ್ತೇನಮ್ಮಿ?"

ಪವಿತ್ರಳ ಮುಖ ಬಿಸಿಯಾಯಿತು. ತಟ್ಟೆಗಳಲ್ಲಿ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಇವುಗಳಲ್ಲಿ ಎಷ್ಟೋ ಗೂಡು ಕಟ್ಟಬಹುದಿತ್ತೇನೋ. ಅದು ಅವಳಿಗೆ ಗೊತ್ತಿಲ್ಲ. ಇಟ್ಟುಕೊಂಡರೆ ಒಳಸಾಲಿನ ಸ್ಟ್ಯಾಂಡುಗಳಿಗೂ ರೋಗ ದಾಟುತ್ತದೆ ಎಂಬುದು ಗೊತ್ತಿತ್ತು.

"ಔಷ್ದಿ ಇಲ್ಲ ಅಂತ್ಲೇ ಏಳ್ತಿರೋದು. ನುಂಗೋಕ್ ಮುಂಚೆ ತಡೀಬೇಕು. ಆ ತಿಪ್ಪೆಗೊಬ್ರ ಇನ್ಮೇಲೆ ಹಿಪ್ಪುನೇರಳೆಗೆ ಬ್ಯಾಡ." ಅಳುಕು ಹೋಗಿರಲಿಲ್ಲ. ಆದರೂ ಅವಳು ಮಾತು ಬದಲಿಸಲಿಲ್ಲ.

ಪವಿತ್ರ ಮೊದಲ ತಟ್ಟೆಯನ್ನು ಎಳೆದಳು. ಒಬ್ಬಳ ಕೈಗೆ ಅದು ವಾಲಿತು. ಗಂಗಾಂಬಿಕೆ ಗೊಣಗುತ್ತಲೇ ಇನ್ನೊಂದು ಅಂಚು ಹಿಡಿದು, ಹೊರಗೆ ಸೊಪ್ಪು ಕಟ್ಟುತ್ತಿದ್ದ ಕೂಲಿಯಾಳು ಕುಮಾರಿಯನ್ನು ಕೂಗಿದರು.

"ಕುಮಾರೀ, ತೋಟದಲ್ಲಿ ಗೊಬ್ರ ಬೀಳದ ಮೂಲೆ ಅದೆಯಲ್ಲ, ಅಲ್ಲಿ ಸೊಪ್ಪು ಕುಯ್ಕೊಂಡು ಒಳಸಾಲಿಗೆ ನೀನೇ ಆಕು. ಕೈ ತೊಳ್ಕೊಂಡು ಆಕು. ನಾವಿಬ್ರೂ ಇದ ಮುಟ್ಬುಟ್ಟಿದ್ದೀವಿ, ಅತ್ತ ಸುಳಿಯಕಿಲ್ಲ."

ಆಮೇಲೆ ಸೊಸೆಯತ್ತ ತಿರುಗಿದರು. "ನೆಟ್ಟಗೆ ಇಡ್ಕೊ. ದಾರೀಲಿ ಒಂದು ಹುಳಾನೂ ಬೀಳ್ಕೂಡ್ದು."