ಹಾಡಿನ ಹಿಂದಿನ ಸದ್ದು

ಚಂದ್ರಕಲಾಳ ಕಿವಿಯ ಬಗ್ಗೆ ಯಾರೂ ಚಕಾರ ಎತ್ತುವಂತಿರಲಿಲ್ಲ. ಅವಳ ಅನ್ನವೇ ಕಿವಿಯದು. ಹೊಸಪೇಟೆಯ ಕಿವಿ ಪರೀಕ್ಷೆ ಕೇಂದ್ರವೊಂದರಲ್ಲಿ, ಗಣಿಯಲ್ಲಿ ದುಡಿದು ಕಿವಿ ಮಂದವಾದವರನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, "ಕೇಳಿಸಿದ್ರ ಕೈ ಎತ್ರಿ" ಅನ್ನುವುದು ಅವಳ ದಿನದ ಕೆಲಸ. ಕೆಲವರು ಕೇಳಿಸದಿದ್ದರೂ ಮರ್ಯಾದೆಗೆ ಕೈ ಎತ್ತುತ್ತಿದ್ದರು. ಅಂಥವರ ಮೇಲೆ ಅವಳಿಗೆ ಭಾರೀ ಸಿಟ್ಟು.

ಇನ್ನೊಂದು ಹುಚ್ಚು ಅವಳಿಗಿತ್ತು. ಯಾವ ಕಂಪನಿಯ, ಯಾವ ಸಿನಿಮಾದ ಹಂಗೂ ಇಲ್ಲದೆ ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವ ಹೆಣ್ಣುಮಕ್ಕಳ ಇಂಡೀ ಆಲ್ಬಂಗಳನ್ನು ವರ್ಷವಿಡೀ ಕೇಳಿ, ಡಿಸೆಂಬರ್ ಬಂತೆಂದರೆ ತನಗೆ ಮೆಚ್ಚುಗೆಯಾದ ಹತ್ತರ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಬರೆಯುತ್ತಿದ್ದಳು. ಐದು ವರ್ಷದಿಂದ ಬರೆಯುತ್ತಿದ್ದಳು, ಓದುವವರು ಸಾವಿರಗಟ್ಟಲೆ. ಅವರಿಗೆಲ್ಲ ಬೇಕಾದದ್ದು ಅವಳ ಒಂದೇ ಒಂದು ಚಮತ್ಕಾರ. ಹಾಡಿನ ಹಿಂದೆ ನುಸುಳಿದ ಸದ್ದು ಹಿಡಿದು ಅದು ಎಲ್ಲಿ ರೆಕಾರ್ಡ್ ಆಯಿತೆಂದು ಹೇಳಿಬಿಡುತ್ತಿದ್ದಳು. ಕುಕ್ಕರ್ ಕೂಗಿದರೆ ಅಡುಗೆಮನೆ ಪಕ್ಕ, ರೈಲು ಹೋದರೆ ಇಂಥ ಗೇಟಿನ ಹತ್ತಿರ. "ಅಕ್ಕ, ನಿಮ್ಮದು ಕಿವಿಯಲ್ಲ, ಸಿ.ಸಿ. ಟಿವಿ" ಎಂದು ಜನ ಬರೆದರೆ ಹಿಗ್ಗೋ ಹಿಗ್ಗು.

ಆ ವರ್ಷದ ಮೊದಲ ಸ್ಥಾನಕ್ಕೆ ಅವಳು ಎರಡು ಸಲ ಯೋಚಿಸಲಿಲ್ಲ. 'ಐದು ಮನೆ' ಎಂಬ ಆಲ್ಬಂ, ಐದೇ ಹಾಡು. ಹಾಡಿದವಳು ತನ್ನನ್ನು 'ಗೀಜಗ' ಎಂದು ಕರೆದುಕೊಂಡಿದ್ದಳು. ಫೋಟೋ ಇಲ್ಲ, ಊರಿಲ್ಲ, ನಿಜವಾದ ಹೆಸರಿಲ್ಲ. ಒಂದು ಹಳೇ ಹಾರ್ಮೋನಿಯಂ, ಒಂದು ಒರಟು ದನಿ, ಅಷ್ಟೇ. ಊರು ಹೇಳದವಳ ಊರು ಹಿಡಿಯುವುದೆಂದರೆ ಚಂದ್ರಕಲಾಳಿಗೆ ಹಬ್ಬದೂಟ.

ಇಪ್ಪತ್ತು ಸಲ ಕೇಳಿದಳು. ಒಂದೊಂದು ಹಾಡು ಒಂದೊಂದು ಕಡೆಯದೆಂದು ಗೊತ್ತಾದಾಗ ಕುಣಿಯುವುದೊಂದು ಬಾಕಿ. ಮೊದಲನೆಯದರಲ್ಲಿ ಮರಿಯಮ್ಮನಹಳ್ಳಿಯ ಲಾರಿಗಳು, ಎರಡನೆಯದರಲ್ಲಿ ಪಾಪಿನಾಯಕನಹಳ್ಳಿಯ ಹೊಲದ ಪಂಪ್‌ಸೆಟ್ಟು. ಮೂರನೆಯದರಲ್ಲಿ ಚಿತ್ತವಾಡ್ಗಿಯ ಸೊಪ್ಪಿನವಳ ಕೂಗು. ಅಯ್ಯೋ ಶಿವನೇ, ಆ ಸೊಪ್ಪಿನವಳು ದಿನಾ ತನ್ನ ಮನೆ ಮುಂದೆಯೇ ಕೂಗುವವಳು! ನಾಲ್ಕನೆಯದರಲ್ಲಿ ಹಂಪಿಯ ಹೊಳೆದಂಡೆ, ಹರಿಗೋಲಿನವರ ಜಗಳ. ಐದನೆಯದರಲ್ಲಿ ಕಂಪ್ಲಿಯ ಹಳೇ ಅಕ್ಕಿ ಗಿರಣಿ. ಆ ಗಿರಣಿಯ ಬೆಲ್ಟಿಗೆ ಒಂದು ಕಡೆ ತೇಪೆಯಿದೆ, ಸುತ್ತಿಗೊಮ್ಮೆ ಟಪ್ ಅನ್ನುತ್ತದೆ. ಕಂಪ್ಲಿ ಚಂದ್ರಕಲಾಳ ತವರು, ಆ ಟಪ್ ಕೇಳುತ್ತಲೇ ಬೆಳೆದವಳು ಅವಳು. "ಊರೂರು ತಿರುಗಿ, ಒಂದೊಂದು ಊರಿನ ಉಸಿರನ್ನು ಹಾಡಿಗೆ ತುಂಬಿದ ಅಲೆಮಾರಿ ಕಲಾವಿದೆ. ಸದ್ಯಕ್ಕೆ ಕಂಪ್ಲಿಯಲ್ಲಿ, ಹಳೇ ಗಿರಣಿಯ ನೆರಳಲ್ಲಿ" ಎಂದು ಬರೆದು, ತಾನೇ ಎರಡು ಸಲ ಓದಿ ಖುಷಿಪಟ್ಟು, ಭಾನುವಾರ ಬೆಳಿಗ್ಗೆ ಹಾಕಿಬಿಟ್ಟಳು.

ಮಧ್ಯಾಹ್ನದೊಳಗೆ ಮೆಚ್ಚುಗೆಯ ಮಳೆ. ಅದರ ನಡುವೆ ಸಂಡೂರಿನ ಲಿಂಗರಾಜ್ ಎನ್ನುವವನ ಮೆಸೇಜು. "ಅಕ್ಕಾರ, ಭಾಳ ಚಂದ ಬರ್ದೀರಿ. ಈಕಿ ದನಿ ಅಂದ್ರ ನಮಗ ಪ್ರಾಣ. ಎರಡು ವರ್ಷದಿಂದ ಕೇಳಬೇಕಂತ ಕಾಯಾಕತ್ತಿದ್ವಿ. ಗಿರಣಿ ನೆರಳು ಅಂದ್ರ ಮುಂದಿನ ಮನಿನೋ, ಹಿಂದಿಂದೋ?" ಎಷ್ಟು ಮರ್ಯಾದೆಯ ಮನುಷ್ಯ! ಚಂದ್ರಕಲಾ ಅನ್ನ ಉಣ್ಣುತ್ತಲೇ ಎಡಗೈಯಲ್ಲಿ ಉತ್ತರ ಕುಟ್ಟಿದಳು. "ಹಿಂದಿಂದ್ರಿ. ಹಾಡಿನ್ಯಾಗ ಕಬ್ಬಿಣದ ಮೆಟ್ಲು ಸದ್ದು ಐತಿ ನೋಡ್ರಿ. ಅಂಥಾ ಮಾಳಿಗಿ ಖೋಲಿ ಅಲ್ಲಿ ಒಂದೇ ಇರೋದು." ಅತ್ತಲಿಂದ ಕೈಮುಗಿದ ಚಿತ್ರ ಬಂತು, ಮತ್ತೇನೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಗೀಜಗಳದೇ ಮೆಸೇಜು ಬಂದಿತ್ತು. "ಅಕ್ಕಾ, ಆ ಬರಹ ತೆಗೀರಿ. ನಿಮ್ಮ ಕಾಲಿಗೆ ಬೀಳ್ತೀನಿ. ಯಾಕಂತ ಕೇಳಬ್ಯಾಡ್ರಿ, ಹಾಡು ಕೇಳ್ರಿ."

ಚಂದ್ರಕಲಾಳಿಗೆ ಮೈ ಉರಿದುಹೋಯಿತು. ಹಾಡು ಕೇಳಬೇಕಂತೆ! ಇಪ್ಪತ್ತು ಸಲ ಕೇಳಿ, ತಲೆಯ ಮೇಲೆ ಹೊತ್ತು ಮೆರೆಸಿದವಳಿಗೆ ಹೇಳುವ ಮಾತೇ ಇದು? ದೊಡ್ಡ ಕಲಾವಿದೆಯಂತೆ, ಕೊಬ್ಬು. ಬರಹವನ್ನು ಹಾಗೇ ಬಿಟ್ಟಳು. ಆ ದಿನವೆಲ್ಲ ಮುಖ ಊದಿಸಿಕೊಂಡೇ ಕೆಲಸ ಮಾಡಿದಳು.

ಮಂಗಳವಾರ ಹನ್ನೊಂದರ ಹೊತ್ತಿಗೆ ಕೇಂದ್ರದಲ್ಲಿ ಜನ ಕಡಿಮೆಯಿದ್ದರು. ನೋಡೇಬಿಡೋಣ, ಇವಳ ಹಾಡಿನಲ್ಲಿ ತಾನು ಕೇಳದ್ದು ಏನಿದೆ ಎಂದು ಹಟಕ್ಕೆ ಬಿದ್ದು, ಗಾಜಿನ ಕೋಣೆಯ ಕುರ್ಚಿಯಲ್ಲಿ ತಾನೇ ಕೂತು ಹೆಡ್‌ಫೋನ್ ಹಾಕಿಕೊಂಡಳು. ಲಾರಿಯನ್ನೂ ಪಂಪ್‌ಸೆಟ್ಟನ್ನೂ ಪಕ್ಕಕ್ಕಿಟ್ಟು ಮೊದಲ ಸಲ ಮಾತುಗಳಿಗೆ ಕಿವಿಗೊಟ್ಟಳು.

"ಒಂದನೇ ಮನಿಗೆ ಒಂದು ಚಿಲಕ, ಎರಡನೇ ಮನಿಗೆ ಎರಡು" ಎಂದು ಶುರುವಾಗುತ್ತಿತ್ತು. ಮೂರನೇ ಮನೆಯಲ್ಲಿ ಅವಳು ಕಿಟಕಿಗೆ ಮೊಳೆ ಹೊಡೆದಿದ್ದಳು. ನಾಲ್ಕನೇ ಮನೆಗೆ ಬಂದಾಗ ಗಂಡ ಮುರಿದ ಕೈ ಕೂಡಿತ್ತು, ಹಾರ್ಮೋನಿಯಂ ಮೇಲೆ ಬೆರಳು ಆಡತೊಡಗಿತ್ತು. "ಐದನೇ ಮನಿಗೆ ಚಿಲಕ ಬ್ಯಾಡ, ಗಿರಣಿ ಸದ್ದೊಂದೇ ಸಾಕ. ಮೆಟ್ಲ ಮ್ಯಾಲೆ ಅವನ ಬೂಟು ನನಗ ಕೇಳದಿದ್ರ ಸಾಕ."

ಊರೂರು ತಿರುಗಿದ ಅಲೆಮಾರಿಯಂತೆ! ಓಡಿದವಳು, ಗಂಡನಿಂದ ತಪ್ಪಿಸಿಕೊಂಡು ಐದು ಸಲ ಮನೆ ಬದಲಿಸಿದವಳು. ಅದರಲ್ಲೊಂದು ಮನೆ ತನ್ನದೇ ಓಣಿಯ ಆಸುಪಾಸು. ಇಪ್ಪತ್ತು ಸಲ ಕೇಳಿದ ಕಿವಿಗೆ ಸೊಪ್ಪಿನವಳು ಕೇಳಿಸಿದ್ದಳು, ಇವಳು ಕೇಳಿಸಿರಲಿಲ್ಲ. ಲಿಂಗರಾಜನ ಕೈಮುಗಿದ ಚಿತ್ರ ಕಣ್ಣಿಗೆ ಕಟ್ಟಿತು.

ಬರಹ ಅಳಿಸಿದಳು, ಆದರೆ ಅದನ್ನು ಆಗಲೇ ನಾನ್ನೂರು ಜನ ಹಂಚಿಕೊಂಡಿದ್ದರು. ಗೀಜಗಳಿಗೆ ಮೆಸೇಜು ಕಳಿಸಿದಳು, ಅದು ಮುಟ್ಟಲೇ ಇಲ್ಲ. ರಜೆ ಕೇಳುವಷ್ಟೂ ತಾಳ್ಮೆಯಿಲ್ಲದೆ ಕಂಪ್ಲಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ, ದೇವರೇ, ಇನ್ನೊಂದು ತಾಸು, ಇನ್ನೊಂದೇ ತಾಸು ಎಂದು ಬೇಡಿಕೊಂಡಳು. ಬಸ್ಸು ಪ್ರತಿ ಹಳ್ಳಿಯಲ್ಲೂ ನಿಂತಿತು.

ಗಿರಣಿ ಓಡುತ್ತಿತ್ತು. ಟಪ್, ಟಪ್. ಹಿಂದಿನ ಮನೆಯ ಒಡತಿ ಪಕೀರಮ್ಮ ಅಂಗಳದಲ್ಲಿ ಕೂತು ನುಚ್ಚು ಕೇರುತ್ತಿದ್ದಳು. ಕಬ್ಬಿಣದ ಮೆಟ್ಟಿಲ ಮೇಲಿನ ಕೋಣೆಯ ಬಾಗಿಲು ತೆರೆದಿತ್ತು.

"ಮ್ಯಾಲಿನ ಹುಡುಗಿ ಎಲ್ಲಮ್ಮಾ?"

"ಅನ್ನಪೂರ್ಣನಾ? ಗಂಡ ಬಂದು ಕರ್ಕೊಂಡು ಹೋದ್ನವ್ವ, ಈಗ ಎರಡು ತಾಸಾತು. ಭಾಳ ಚಲೋ ಮನಷ್ಯಾ. ಬಾಳೆಹಣ್ಣು ತಂದು ಕೊಟ್ಟ, ಕಾಲು ಮುಟ್ಟಿ ನಮಸ್ಕಾರ ಮಾಡಿದ. ಯಾರು ಹೇಳಿದ್ರಪ್ಪ ನಿನಗ ಈ ಮನಿ ಅಂದ್ರ, ಹೊಸಪ್ಯಾಟಿ ಅಕ್ಕಾರು ಹೇಳಿದ್ರು ಅಂದ."

"ಆಕಿ ಕೂಗಿಕೊಳ್ಳಲಿಲ್ಲೇನಮ್ಮಾ?"

ಪಕೀರಮ್ಮ ಮೊರ ಕೆಳಗಿಟ್ಟಳು. "ಈ ಗಿರಣಿ ಸದ್ದಿನ್ಯಾಗ ಏನು ಕೇಳ್ತತವ್ವಾ ನಮಗ?"

ಕೋಣೆಯಲ್ಲಿ ಹಾರ್ಮೋನಿಯಂ ನೆಲದ ಮೇಲೆ ಬಾಯಿ ತೆರೆದು ಬಿದ್ದಿತ್ತು. ಒಂದು ಚಪ್ಪಲಿ ಮೆಟ್ಟಿಲ ಮೇಲೆ, ಇನ್ನೊಂದು ಬಾಗಿಲ ಒಳಗೆ. ಚಂದ್ರಕಲಾ ಅವೆರಡನ್ನೂ ಜೋಡಿಸಿಟ್ಟು, ಗೋಡೆಗೆ ಹಣೆ ಹಚ್ಚಿ ಗೋಳೋ ಎಂದು ಅತ್ತಳು. ಅದೂ ಕೆಳಗಿನವರಿಗೆ ಕೇಳಿಸಲಿಲ್ಲ.

ಸ್ಟೇಷನ್ನಿನಲ್ಲಿ ದೂರು ಬರೆದುಕೊಂಡರು. ಸಂಡೂರಿನ ಲಿಂಗರಾಜನ ಮನೆಗೆ ಅಂದೇ ಪೊಲೀಸರು ಹೋದರೆ ಬೀಗ, ಫೋನು ಬಂದ್. ಅವನಿಗೆ ಗಣಿಗಳ ಸುತ್ತ ಶೆಡ್ಡು, ಗೋಡೌನು, ನೆಂಟರ ಮನೆ ಹತ್ತಾರಿವೆಯೆಂದು ಗೊತ್ತಾಯಿತು.

ಗುರುವಾರ ಮಧ್ಯಾಹ್ನ ಗೀಜಗಳ ಪುಟದಲ್ಲಿ ಆರನೆಯ ಹಾಡು ಬಂತು. ಹೆಸರಿಲ್ಲ. ನಲವತ್ತು ಸೆಕೆಂಡು. ಹಾರ್ಮೋನಿಯಂ ಇಲ್ಲ, ರಾಗವಿಲ್ಲ. ದೂರದಲ್ಲಿ ಗಣಿಯ ಸೈರನ್ನು, ಆಮೇಲೆ ಸಿಡಿತದ ಗುಡುಗು, ಕಡೆಯಲ್ಲಿ ಅವಳದೇ ಪಿಸುದನಿ. "ಅಕ್ಕಾ, ಈ ಮನಿ ಎಲ್ಲೈತಿ, ಹೇಳ್ರಿ."

"ಮಸ್ತ್ ಪ್ರಯೋಗ" ಎಂದು ಜನ ಅದರ ಕೆಳಗೆ ಹೃದಯ ಒತ್ತುತ್ತಿದ್ದರು.

ಇನ್‌ಸ್ಪೆಕ್ಟರ್ ಗಾಜಿನ ಕೋಣೆಯ ಹೊರಗೆ ಜೀಪಿನ ಕೀ ಹಿಡಿದು ನಿಂತಿದ್ದರು. ಒಳಗೆ ಚಂದ್ರಕಲಾ ಮೂವತ್ತನೆಯ ಸಲ ಕೇಳುತ್ತಿದ್ದಳು. ಸಂಡೂರೆಂಬುದು ಖಂಡಿತ. ಆದರೆ ಸಂಡೂರಿನ ಸುತ್ತ ಸೈರನ್ನು ಕೂಗದ ಗುಡ್ಡ ಯಾವುದಿದೆ? ಇನ್ನೊಂದು ಸದ್ದು ಬೇಕಿತ್ತು, ಒಂದು ಸೊಪ್ಪಿನವಳು, ಒಂದು ತೇಪೆ ಬೆಲ್ಟು. ಅದು ಇತ್ತು ಕೂಡ. ಸೈರನ್ನಿನ ಹಿಂದೆ ಏನೋ ಒಂದು ಸಣ್ಣಗೆ ಮಿಡಿಯುತ್ತಿತ್ತು. ಅದರ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು, ಪೂರಾ ಜೋರಿನಲ್ಲಿ. ಡಿಸೆಂಬರ್ ಚಳಿಯಲ್ಲಿ ಫ್ಯಾನು ಯಾಕೆ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಹೊರಗಿನ ಸದ್ದು ಮುಚ್ಚಲಿಕ್ಕೆ. ಅವಳ ಪಟ್ಟಿಯನ್ನು ಲಿಂಗರಾಜನೂ ಓದಿದ್ದ.

"ಏನಾದ್ರೂ ಕೇಳಿಸ್ತೇನ್ರಿ?" ಎಂದು ಇನ್‌ಸ್ಪೆಕ್ಟರ್ ಬಾಗಿಲು ತೆರೆದು ಕೇಳಿದರು.

ಅವಳ ಕೈ ಅರ್ಧ ಎದ್ದು, ಮತ್ತೆ ಮಡಿಲಿಗೆ ಬಿತ್ತು. "ಇನ್ನೊಂದ್ ಸಲ ಹಾಕ್ತೀನಿ ಸರ್" ಎಂದಳು.