ಆರು ವಾರದ ಮುಯ್ಯಿ

ಹೋದ ವರ್ಷ, ಅಂದರೆ ೧೯೭೪ರ ವೈಶಾಖದಲ್ಲಿ, ಅಕ್ಕಿಹೆಬ್ಬಾಳಿನ ಹತ್ತಿರದ ಒಂದು ಊರಿನಲ್ಲಿ ದ್ಯಾವಮ್ಮ ಎಂಬ ತಾಯಿಗೆ ಕೆನ್ನೆಯ ಒಳಗೆ ಹುಣ್ಣಾಯಿತು. ಎಡಗಡೆ, ಹೊಗೆಸೊಪ್ಪು ಒತ್ತರಿಸಿಕೊಳ್ಳುವ ಜಾಗದಲ್ಲೇ. ನೋವಿರಲಿಲ್ಲ. ನೋಯದ ಹುಣ್ಣಿಗೆ ಯಾರು ಹೆದರುತ್ತಾರೆ? ಅವರು ಹೊಗೆಸೊಪ್ಪನ್ನು ಬಲಗಡೆಗೆ ಬದಲಾಯಿಸಿಕೊಂಡು ಎರಡು ತಿಂಗಳು ಸುಮ್ಮನಿದ್ದರು.

ಮನೆಮನೆಗೆ ಬರುವ ನರ್ಸ್ ಮಂಗಳಮ್ಮ ಜಗಲಿಯ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿದರು.

"ಎಷ್ಟು ದಿನ ಆಯ್ತವ್ವ ಇದಾಗಿ?"

"ಯಾವ್ದೋ ಉಸ್ಣದ್ದು ಬುಡಿ ನರ್ಸಮ್ಮ. ಓಯ್ತದೆ."

"ಉಷ್ಣದ ಹುಣ್ಣು ಎರಡು ತಿಂಗಳು ಇರಲ್ಲ. ನಾಳೇನೇ ಮೈಸೂರಿಗೆ ಹೋಗಿ ತೋರಿಸಿ."

ಮೈಸೂರಿನವರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ತೆಗೆದು ಪರೀಕ್ಷೆ ಮಾಡಿ, ಕ್ಯಾನ್ಸರ್ ಎಂದರು. ಬೇಗ ಬಂದಿದ್ದೀರಿ, ಗುಣವಾಗಬಹುದು. ಆದರೆ ಆರು ವಾರ ಇಲ್ಲೇ ಇದ್ದು ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳಬೇಕು, ನಡುವೆ ಬಿಡಬಾರದು, ಜೊತೆಗೆ ಒಬ್ಬರು ಇರಲೇಬೇಕು ಎಂದೂ ಹೇಳಿದರು.

ಊರಿಗೆ ಬಂದ ಕೂಡಲೆ ಮಗ ನಾಗರಾಜು ಎತ್ತು ಮಾರುವ ಮಾತೆತ್ತಿದ.

"ಮಾರ್ಲಾ ಮಾರು," ಎಂದರು ದ್ಯಾವಮ್ಮ. "ಆಮೇಕೆ ನೊಗಕ್ಕೆ ನನ್ನ ಕಟ್ಟೀಯಂತೆ."

ಎದುರು ಮನೆಯ ನಾದಿನಿ ಚಿಕ್ಕಬೋರಮ್ಮ ಬಾಗಿಲಲ್ಲೇ ಕುಳಿತಿದ್ದರು. "ಕ್ಯಾನ್ಸರಂದ್ರೆ ಮುಗೀತು ಕಣ್ಲಾ. ಕರೆಂಟ್ ಕೊಟ್ಟು ಸುಟ್ಟಾಕ್ತಾರಂತೆ. ಇದ್ದಷ್ಟ್ ದಿನ ಮನೇಲಿ ನೆಮ್ದಿಯಾಗಿ ಇಟ್ಟು ಉಂಡ್ಕಂಡು ಇರ್ಲಿ ಬುಡು."

ಮಂಗಳಮ್ಮ ಆ ಹೊತ್ತಿಗೆ ಬಂದಿದ್ದರು. "ಸುಡೋದು ಹುಣ್ಣನ್ನ, ಮನುಷ್ಯರನ್ನಲ್ಲ ಚಿಕ್ಕಬೋರಮ್ಮ. ತಡ ಮಾಡಿ ಹೋದೋರು ಉಳಿಯೋದು ಕಷ್ಟ. ಅವರನ್ನ ನೋಡಿ ನೀವು ಕರೆಂಟನ್ನ ಬಯ್ತೀರಿ." ಆಮೇಲೆ ನಾಗರಾಜುವಿನ ಕಡೆ ತಿರುಗಿದರು. "ಎತ್ತು ಮುಟ್ಟಬೇಡಪ್ಪ. ತಾಲ್ಲೂಕು ಕಚೇರಿಯಿಂದ ವರಮಾನದ ಚೀಟಿ ತಗೊಂಡು ಹೋಗಿ, ಬಡವರ ಖರ್ಚಿಗೆ ಏನು ಅನುಕೂಲ ಇದೆ ಅಂತ ಆಸ್ಪತ್ರೇಲಿ ಕೇಳು. ರೈಲಿನ ರಿಯಾಯಿತಿ ಚೀಟೀನೂ ಕೇಳು. ಬಾಯಿಬಿಟ್ಟು ಕೇಳದೆ ಹೋದ್ರೆ ಯಾರಿಗೆ ಗೊತ್ತಾಗ್ತದೆ?"

ನಾಗರಾಜು ಕೃಷ್ಣರಾಜಪೇಟೆಯಿಂದ ಚೀಟಿ ತಂದ. ಕೇಳಿದ. ಚಿಕಿತ್ಸೆಯ ಖರ್ಚು ಬಹುಪಾಲು ಬಗೆಹರಿಯಿತು. ಬಗೆಹರಿಯದೆ ಉಳಿದದ್ದು ದಿನಗಳು. ನಾಟಿಯ ಕಾಲ ಅದು. ಅವನೋ ತಂಗಿ ಮಾದಮ್ಮನೋ ಆರು ವಾರ ಬೆಂಗಳೂರಿನಲ್ಲಿ ಕುಳಿತರೆ ಮನೆಯ ವರ್ಷದ ಅನ್ನ ಹೋದಂತೆ. ಸದ್ಯ ಹೋಗದಿರಲು ಒಂದು ಕಾರಣ ಸಿಕ್ಕಿತೆಂದು ದ್ಯಾವಮ್ಮ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿಟ್ಟರು.

ಮಾದಮ್ಮ ನಾಲ್ಕು ಜನರೆದುರು ಬಾಯಿ ಬಿಡುವ ಹುಡುಗಿಯಲ್ಲ. ಮಾರನೆಯ ದಿನ ನಾಟಿಯ ಹೆಂಗಸರು ಬದುವಿನ ಮೇಲೆ ಉಣ್ಣಲು ಕೂತಿದ್ದಾಗ ಹೋಗಿ ನಿಂತಳು.

ಮುಯ್ಯಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇವತ್ತು ನಿಮ್ಮ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು. ಕೂಲಿಯಿಲ್ಲ, ದಿನಕ್ಕೆ ದಿನ.

"ಅವ್ವನ್ ಜೊತೆ ಒಬ್ಬೊಬ್ರು ಒಂದೊಂದ್ ವಾರ ಇರಿ," ಎಂದಳು. "ಆ ಏಳ್ ದಿನ ನಿಮ್ ಗದ್ದೇಲಿ ನಾನು ನೆಡ್ತೀನಿ. ನಮ್ ಗದ್ದೇನ ಒತ್ತಾರೆ ಸಂಜೆ ನಾನೂ ಅಣ್ಣಾನೂ ನೆಟ್ಕತೀವಿ."

ಚಿಕ್ಕಬೋರಮ್ಮ ನಕ್ಕರು. "ಮುಯ್ಯಿ ಗದ್ದೆಗೆ ಕಣೆ. ಆಸ್ಪತ್ರೆಗೆ ಮುಯ್ಯಿ ಮಾಡಿದ್ನ ಎಲ್ಲಾದ್ರೂ ಕಂಡಿದ್ದೀಯಾ?"

"ದಿನ ಎಲ್ಲಿ ಕಳುದ್ರೂ ದಿನಾನೇ ಅಲ್ವಾ ಅತ್ತೆ."

ಪುಟ್ಟಲಕ್ಷ್ಮಮ್ಮ ಎಂಬವರು ಕೈ ತೊಳೆಯುತ್ತ, "ಮೊದಲ್ನೇ ವಾರ ನಂದು. ನಾನೂ ಬೆಂಗ್ಳೂರ್ ನೋಡಿಲ್ಲ," ಎಂದರು. ಹಾಗೆ ಐದು ಜನ ಒಪ್ಪಿದರು. ನಾಲ್ಕನೆಯ ವಾರಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಚಿಕ್ಕಬೋರಮ್ಮ ಸೆರಗು ಕೊಡವಿ ಎದ್ದರು. "ನಾಕ್ನೇ ವಾರ ನಾನೇ ಓಯ್ತೀನಿ. ಅತ್ಗೇನ ಎಂಗ್ ಸುಡ್ತಾರೋ ಕಣ್ಣಾರೆ ನೋಡ್ಕಂಡ್ ಬತ್ತೀನಿ."

ಪ್ರತಿ ಭಾನುವಾರ ನಾಗರಾಜು ಒಬ್ಬರನ್ನು ರೈಲಿನಲ್ಲಿ ಕರೆದೊಯ್ದು ಇನ್ನೊಬ್ಬರನ್ನು ಕರೆತಂದ.

ಕಷ್ಟವಾದದ್ದು ನಾಲ್ಕನೆಯ ವಾರವೇ. ಹುಣ್ಣು ಒಣಗಿ ಸಣ್ಣದಾಗಿತ್ತು. ಆದರೆ ಬಾಯೆಲ್ಲ ಸುಲಿದು ಗಂಜಿ ನುಂಗಿದರೂ ಉರಿ. ಇದು ಚಿಕಿತ್ಸೆಯಿಂದ ಆಗುವುದು, ಮುಗಿದ ಮೇಲೆ ನಿಧಾನವಾಗಿ ಮಾಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಬುಧವಾರ ಬೆಳಿಗ್ಗೆ ದ್ಯಾವಮ್ಮ ಬಟ್ಟೆ ಗಂಟು ಕಟ್ಟಿದರು.

"ಹುಣ್ಣು ವಾಸಿ ಆಯ್ತಲ್ಲ. ಇನ್ ಯಾಕೆ ಈ ಉರಿ? ನಡಿ ಊರ್ಗೆ. ಸುಡ್ತಾರೆ ಅಂದೋಳು ನೀನೇ ಅಲ್ವಾ."

ಹೂಂ ಅಂದಿದ್ದರೆ ಚಿಕ್ಕಬೋರಮ್ಮನ ಮಾತೇ ಗೆಲ್ಲುತ್ತಿತ್ತು. ಆದರೆ ಅವರು ಮೂರು ದಿನ ವಾರ್ಡಿನಲ್ಲಿ ಕಣ್ಣು ಬಿಟ್ಟು ಕೂತಿದ್ದರು. ಪಕ್ಕದ ಮಂಚದಾಕೆ ಹಿಂದಿನ ವರ್ಷ ಅರ್ಧಕ್ಕೆ ಬಿಟ್ಟುಹೋಗಿ, ಈಗ ಹುಣ್ಣು ಗಂಟಲಿಗೆ ಇಳಿದ ಮೇಲೆ ಮತ್ತೆ ಬಂದಿದ್ದರು. ಅವರ ಜೊತೆ ಇವರು ಮಾತಾಡಿದ್ದರು.

ಚಿಕ್ಕಬೋರಮ್ಮ ಗಂಟನ್ನು ಕಿತ್ತುಕೊಂಡು ಅದರ ಮೇಲೇ ಕುಳಿತರು.

"ಯಾವತ್ತಾರ ಅರ್ಧ ಗದ್ದೆ ನೆಟ್ಟು ಎದ್ ಬಂದಿದ್ದೀಯಾ ಅತ್ಗೆ? ಅಂಗೆ ಎದ್ದೋರ್ನ ನೀನು ಏನೇನ್ ಬಯ್ತಿದ್ದೆ, ನನ್ ಬಾಯಲ್ಲಿ ಏಳುಸ್ಬೇಡ."

"ಉರೀತದೆ ಕಣೆ ಬೋರಿ."

"ಉರೀತದೆ, ಕಾಣ್ತಾ ಕೂತಿಲ್ವಾ ನಾನು. ನನ್ ಮುಯ್ಯಿ ಏಳ್ ದಿನ, ಇನ್ನೂ ನಾಕ್ ಐತೆ. ಮಾದಿ ಅಲ್ಲಿ ನನ್ ಗದ್ದೇಲಿ ಸೊಂಟ ಬಗ್ಗಿಸವ್ಳೆ. ನೀನ್ ಎದ್ದೋದ್ರೆ ನಾನ್ ಅವ್ಳಿಗೆ ಯಾವ್ ಮುಖ ತೋರುಸ್ಲಿ? ಏಳು, ಕರೆಂಟಿಗೆ ಒತ್ತಾಯ್ತು."

ದ್ಯಾವಮ್ಮ ಬೈಯುತ್ತಲೇ ನಡೆದರು. ಬಾಯಿ ತುಂಬ ಬೈಯಲಾಗದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಸಂಜೆ ಚಿಕ್ಕಬೋರಮ್ಮ ತಣ್ಣನೆಯ ಹಾಲಿನಲ್ಲಿ ಅನ್ನ ಕಿವುಚಿ ಚಮಚ ಚಮಚವಾಗಿ ಕುಡಿಸಿದರು.

ಆರು ವಾರ ಮುಗಿಯಿತು. ಒಂದು ದಿನವೂ ತಪ್ಪಲಿಲ್ಲ. ಮೂರು ತಿಂಗಳ ಮೇಲೆ ಮತ್ತೆ ತೋರಿಸಲು ಹೋದಾಗ ಡಾಕ್ಟರು ಟಾರ್ಚು ಹಿಡಿದು ಬಾಯಿ ನೋಡಿ, ಕತ್ತು ಒತ್ತಿ ನೋಡಿ, "ಹುಣ್ಣಿನ ಸುಳಿವೇ ಇಲ್ಲವ್ವ. ಹೊಗೆಸೊಪ್ಪು ಮುಟ್ಟಬೇಡಿ. ಕರೆದಾಗೆಲ್ಲ ಬಂದು ತೋರಿಸಿ," ಎಂದರು.

ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ಆರೂ ಜನ ಕಾದಿದ್ದರು. ದ್ಯಾವಮ್ಮ ಯಾರ ಕೈಯನ್ನೂ ಹಿಡಿಯದೆ ರೈಲಿಳಿದರು.

"ಎಲ್ರ ಕುಯ್ಲಿಗೂ ಬತ್ತೀನಿ. ಯಾರ್ದು ಮೊದ್ಲು?"

"ನಂದೇ," ಎಂದರು ಚಿಕ್ಕಬೋರಮ್ಮ. "ಬಾಯ್ ಮುಚ್ಕಂಡ್ ಕುಯ್ಬೇಕು ಅಷ್ಟೆ. ವಾಸಿಯಾದ್ ಬಾಯಿ ವಸಿ ಜಾಸ್ತಿ ಆಡ್ತದೆ."

ಅಕ್ಕಂದಿರೇ, ಅಣ್ಣಂದಿರೇ, ಬಾಯೊಳಗಿನ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ನೋವಿಲ್ಲವೆಂದು ಕಾಯಬೇಡಿ, ತೋರಿಸಿ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ಖರ್ಚಿಗೆ ಹೆದರಿ ಎತ್ತು ಮಾರುವ ಮೊದಲು ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ. ಕೇಳಲು ನಾಚಿಕೆಪಡುವಂಥದ್ದು ಏನೂ ಇಲ್ಲ. ನಿಮ್ಮ ಬೀದಿಯಲ್ಲಿ ಯಾರ ತಾಯಿಯೋ ತಂದೆಯೋ ಆಸ್ಪತ್ರೆಗೆ ಹೊರಟಿದ್ದರೆ, ದೇವರಿದ್ದಾನೆ ಎಂದಷ್ಟೇ ಹೇಳಿ ಒಳಗೆ ಹೋಗಬೇಡಿ. ನಿಮ್ಮದೊಂದು ವಾರ ಕೊಡಿ.